ಸತ್ತ ಜೀವಕೋಶಗಳ ವಿಲೇವಾರಿಗೆ ರೊಟ್ಟಿ ತಾಟಿನಲ್ಲಿ ಏನಿರಬೇಕು?

ಚೀಲ ಹೊರುವಾಗ ತೊಡೆಗೆ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ ಜಾಗವನ್ನು ದಿನಾ ಬೆಳಗ್ಗೆ ನೋಡುತ್ತ ಹೋಗಿ. ಮೊದಲು ಕೆಂಪು, ಮರುದಿನಕ್ಕೆ ಕಪ್ಪು ನೀಲಿ, ಐದಾರು ದಿನಕ್ಕೆ ಅಂಚಿನಲ್ಲಿ ಹಸಿರು, ವಾರ ಕಳೆದರೆ ಹಳದಿ, ಎರಡು ವಾರದ ಸುಮಾರಿಗೆ ತೊಗಲು ಮೊದಲಿನಂತೆ. ಚರ್ಮದಡಿ ಸೋರಿ ಸತ್ತ ಕೆಂಪು ರಕ್ತಕಣಗಳನ್ನು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ನುಂಗಿ ಕರಗಿಸುವುದನ್ನೇ ಆ ಬಣ್ಣಗಳು ತೋರಿಸುತ್ತವೆ. ರಕ್ತದ ಕೆಂಪು ಒಡೆದಾಗ ಮೊದಲು ಸಿಗುವುದು ಬಿಲಿವರ್ಡಿನ್, ಅದು ಹಸಿರು. ಅದು ಬಿಲಿರುಬಿನ್ ಆದಾಗ ಹಳದಿ. ಕಬ್ಬಿಣವನ್ನು ಮಾತ್ರ ಅವು ಬಿಸಾಡುವುದಿಲ್ಲ, ಮುಂದಿನ ರಕ್ತಕ್ಕೆ ಎತ್ತಿಡುತ್ತವೆ.

ಪೆಟ್ಟು ಬೀಳದಿದ್ದರೂ ಈ ಕೆಲಸ ಒಳಗೆ ನಿಲ್ಲುವುದಿಲ್ಲ. ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಜೀವಕೋಶಗಳು ಸತ್ತು ಹೊಸವು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ರಕ್ತದವು, ಉಳಿದವುಗಳಲ್ಲಿ ದೊಡ್ಡ ಪಾಲು ಕರುಳಿನ ಒಳಪದರದವು. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಮುದಿ ಕಣಗಳನ್ನು ಗುಲ್ಮ, ಯಕೃತ್ತು ಮತ್ತು ಮೂಳೆಮಜ್ಜೆಯ ಭಕ್ಷಕಗಳು ತೆಗೆದುಹಾಕುತ್ತವೆ. ಕೋಶಗಳು ಹೀಗೆ ಕ್ರಮಬದ್ಧವಾಗಿ ಸಾಯುವುದಕ್ಕೆ ಅಪೊಪ್ಟೋಸಿಸ್ ಎಂಬ ಹೆಸರು 1972ರಲ್ಲಿ ಬಂತು. ಸತ್ತ ಕೋಶವನ್ನು ಇನ್ನೊಂದು ಕೋಶ ನುಂಗುವ ಕ್ರಿಯೆಗೆ ಎಫೆರೊಸೈಟೋಸಿಸ್ ಎನ್ನುತ್ತಾರೆ.

ಹೊತ್ತಿಗೆ ಸರಿಯಾಗಿ ನುಂಗದಿದ್ದರೆ ಸತ್ತ ಕೋಶ ಒಡೆಯುತ್ತದೆ. ಒಳಗಿನ ಕಿಣ್ವಗಳು, ಡಿಎನ್‌ಎ ಚೂರುಗಳು ಸುತ್ತಮುತ್ತ ಚೆಲ್ಲಿ ಉರಿಯೂತ ಏಳುತ್ತದೆ. ರಕ್ತನಾಳದ ಗೋಡೆಯಲ್ಲಿ ಹಾಗಾದರೆ ಕೊಬ್ಬಿನ ಗಡ್ಡೆಯ ನಡುವೆ ಸತ್ತ ಕೋಶಗಳ ತಿರುಳು ಬೆಳೆದು, ಗಡ್ಡೆ ಬಿರಿಯುವ ಅಪಾಯ ಹೆಚ್ಚುತ್ತದೆ. ಲೂಪಸ್‌ನಂಥ ರೋಗದಲ್ಲಿ ದೇಹ ತನ್ನದೇ ಡಿಎನ್‌ಎ ಮೇಲೆ ತಿರುಗಿಬೀಳುವುದಕ್ಕೂ ಈ ವಿಲೇವಾರಿಯ ಲೋಪ ಒಂದು ಕಾರಣ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ವಿಟಮಿನ್ನುಗಳು ಸತ್ತ ಕೋಶಗಳನ್ನು ತೊಳೆಯುವುದಿಲ್ಲ. ತೊಳೆಯುವುದು ಭಕ್ಷಕ ಕೋಶ, ವಿಟಮಿನ್ನು ಅದರ ಕೈಗೆ ಕೊಡುವ ಹತಾರ. ಹತಾರ ಕಡಿಮೆ ಬಿದ್ದರೆ ಕೆಲಸ ಕೆಡುತ್ತದೆ, ಬೇಕಾದಷ್ಟು ಇದ್ದ ಮೇಲೆ ಇನ್ನಷ್ಟು ಸುರಿದರೆ ಕೆಲಸವೇನೂ ಜೋರಾಗುವುದಿಲ್ಲ. ಆದ್ದರಿಂದ ಡಿಟಾಕ್ಸ್ ಪುಡಿ, ಡಿಟಾಕ್ಸ್ ಜ್ಯೂಸಿಗೆ ದುಡ್ಡು ಹಾಕಬೇಡಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಊಟದಲ್ಲಿ ಬೇಕಾದದ್ದರಲ್ಲಿ ಹೆಚ್ಚಿನದು ಆಗಲೇ ಇದೆ. ಎಲ್ಲಿ ಕೊರತೆ ಬೀಳುತ್ತದೆ, ಅದನ್ನು ಹೇಗೆ ತುಂಬಬೇಕು ಎಂಬುದಷ್ಟೇ ಕೆಳಗಿನ ಹೆಜ್ಜೆಗಳು.

ಹೆಜ್ಜೆ 1: ಮೂರು ದಿನ ಬರೆದಿಡಿ

ಒಂದು ಹಬ್ಬದ ದಿನವೋ ವಾರದ ರಜೆಯೋ ಸೇರದಂತೆ ಮೂರು ದಿನ ಆರಿಸಿ. ಐದೇ ಪ್ರಶ್ನೆ: ಸೊಪ್ಪು ಎಷ್ಟು ಹಿಡಿ, ಎಣ್ಣೆ ಎಷ್ಟು ಚಮಚ, ಶೇಂಗಾ ಮತ್ತು ಬೇಳೆಕಾಳು ಎಷ್ಟು, ಹಸಿಯಾಗಿ ತಿಂದ ಹಣ್ಣು-ತರಕಾರಿ ಏನು, ಹಾಲು-ಮೊಸರು-ಮೊಟ್ಟೆ-ಮಾಂಸದಲ್ಲಿ ಏನಿತ್ತು. ಬರೆದು ನೋಡಿದಾಗ ಹೊಲದ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಹಣ್ಣಿನ ಸಾಲು ಖಾಲಿ ಇರುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದಂಥ ಭತ್ತದ ಸೀಮೆಯಲ್ಲಿ ಅನ್ನ-ಸಾರು ಹೆಚ್ಚಾಗಿ ಸೊಪ್ಪಿನ ಸಾಲೂ ಖಾಲಿಯಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಖಾಲಿ ಬಿದ್ದ ಸಾಲಿನಿಂದಲೇ ಶುರುಮಾಡಿ. ಐದನ್ನೂ ಒಮ್ಮೆಗೇ ಬದಲಿಸಲು ಹೊರಟರೆ ವಾರದೊಳಗೆ ಹಳೆಯ ರೂಢಿಗೇ ಬರುತ್ತೀರಿ.

ಹೆಜ್ಜೆ 2: ಸೊಪ್ಪು, ಅದರ ಜೊತೆ ಎಣ್ಣೆ

ವಿಟಮಿನ್ ಕೆ ಅಂದರೆ ರಕ್ತ ಹೆಪ್ಪುಗಟ್ಟಿಸುವ ವಿಟಮಿನ್ ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ಅದನ್ನು ಕಂಡುಹಿಡಿದ ಹೆನ್ರಿಕ್ ಡಾಮ್ ಮತ್ತು ಅದರ ರಾಸಾಯನಿಕ ಸ್ವರೂಪ ಬಿಡಿಸಿದ ಎಡ್ವರ್ಡ್ ಡಾಯ್ಸಿ ಅವರಿಗೆ 1943ರ ನೊಬೆಲ್ ಬಂತು. ಆದರೆ ನಮ್ಮ ವಿಷಯಕ್ಕೆ ಇಷ್ಟು ನೇರವಾಗಿ ಕೂಡಿಕೊಂಡ ವಿಟಮಿನ್ ಬೇರೊಂದಿಲ್ಲ. ಹೇಗೆಂದರೆ, ಸಾಯುತ್ತಿರುವ ಕೋಶ ತನ್ನ ಪೊರೆಯ ಒಳಮೈಯಲ್ಲಿದ್ದ ಫಾಸ್ಫಟಿಡಿಲ್‌ಸೆರಿನ್ ಎಂಬ ಕೊಬ್ಬನ್ನು ಹೊರಮೈಗೆ ತಿರುವುತ್ತದೆ. ಅದು ‘ನನ್ನನ್ನು ನುಂಗು’ ಎಂಬ ಗುರುತು. ಆ ಗುರುತನ್ನು ಒಂದು ಕೈಯಲ್ಲಿ, ಭಕ್ಷಕದ ಮೈಮೇಲಿನ ಮರ್‌ಟಿಕೆಯಂಥ ಗ್ರಾಹಕವನ್ನು ಇನ್ನೊಂದು ಕೈಯಲ್ಲಿ ಹಿಡಿದು ಎರಡನ್ನೂ ಜೋಡಿಸುವ ಸೇತುವೆ ಪ್ರೋಟೀನುಗಳಿವೆ: ಗ್ಯಾಸ್6 ಮತ್ತು ಪ್ರೋಟೀನ್ ಎಸ್. ಈ ಪ್ರೋಟೀನುಗಳಿಗೆ ಸತ್ತ ಕೋಶವನ್ನು ಹಿಡಿಯುವ ಶಕ್ತಿ ಬರುವುದು ವಿಟಮಿನ್ ಕೆ ಇದ್ದರೆ ಮಾತ್ರ. ಆಗಷ್ಟೇ ಅವು ಕ್ಯಾಲ್ಸಿಯಂ ಕಟ್ಟಿಕೊಂಡು ಸತ್ತ ಕೋಶದ ಪೊರೆಗೆ ಅಂಟುತ್ತವೆ. ಇಲ್ಲವಾದರೆ ಪ್ರೋಟೀನು ತಯಾರಾಗುತ್ತದೆ, ಹಿಡಿತ ಸಿಗುವುದಿಲ್ಲ. ಕಣ್ಣಿನ ಹಿಂಪದರದಲ್ಲಿ ದಿನವೂ ಉದುರುವ ಬೆಳಕುಗ್ರಾಹಿ ಕೋಶಗಳ ತುದಿಗಳನ್ನು ನುಂಗುವುದೂ ಇದೇ ಮರ್‌ಟಿಕೆ ಮೂಲಕ. ಹುಟ್ಟಿನಿಂದ ಅದರಲ್ಲಿ ದೋಷವಿದ್ದವರಿಗೆ ದೃಷ್ಟಿ ಕ್ರಮೇಣ ಹೋಗುತ್ತದೆ.

ಬೇಕಾಗುವ ಪ್ರಮಾಣ ದೇಹತೂಕದ ಕಿಲೋಗೆ ದಿನಕ್ಕೆ ಸುಮಾರು 1 ಮೈಕ್ರೋಗ್ರಾಂ. 60 ಕಿಲೋದವರಿಗೆ 60 ಮೈಕ್ರೋಗ್ರಾಂ. ಕಿರಕಸಾಲಿ, ಪಾಲಕ, ಮೆಂತ್ಯ, ನುಗ್ಗೆಯಂಥ ಕಡು ಹಸಿರು ಸೊಪ್ಪಿನ 100 ಗ್ರಾಂನಲ್ಲಿ ಇದರ ಹಲವು ಪಟ್ಟು ಇರುತ್ತದೆ. ಆದರೆ ಅದು ಎಲೆಯ ಹಸಿರಿನೊಳಗೆ ಗಟ್ಟಿಯಾಗಿ ಕೂತಿರುವುದರಿಂದ, ಕೊಬ್ಬಿಲ್ಲದೆ ತಿಂದರೆ ದೇಹಕ್ಕೆ ಸೇರುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಜಿಡ್ಡಿನ ಜೊತೆ ತಿಂದರೆ ಅದು ಸುಮಾರು ಮೂರು ಪಟ್ಟಾಗುತ್ತದೆ. ಹೀಗಾಗಿ ‘ಎಣ್ಣೆ ಬೇಡ, ಸೊಪ್ಪು ಬೇಯಿಸಿ ಹಾಗೇ ತಿನ್ನಿ’ ಎಂಬ ಸಲಹೆ ಇಲ್ಲಿ ಸಲ್ಲದು. ಒಬ್ಬರಿಗೆ 100 ಗ್ರಾಂ ಹಸಿ ಸೊಪ್ಪು, ಅದಕ್ಕೆ 1ರಿಂದ 2 ಚಹಾ ಚಮಚ ಎಣ್ಣೆ.

ಮಾಡುವ ಕ್ರಮವೂ ಮುಖ್ಯ. ಸೊಪ್ಪನ್ನು ಬೆಳಗಿನ ಸಂತೆಯಲ್ಲೇ ಕೊಳ್ಳಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ತಳ್ಳುಗಾಡಿಯಲ್ಲಿ ಬಾಡಿದ ಎಲೆಯಲ್ಲಿ ಕೆ ಉಳಿದಿರುತ್ತದೆ, ಸಿ ಮತ್ತು ಫೋಲೇಟ್ (ಬಿ9) ಗಂಟೆಗಂಟೆಗೂ ಇಳಿಯುತ್ತವೆ. ಮನೆಗೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಸಂಡೂರು, ತೋರಣಗಲ್ಲು ಕಡೆ ಎಲೆಯ ಮೇಲೆ ಕೆಂಪು ಧೂಳು ಕೂತಿರುತ್ತದೆ, ಅಗಲ ಪಾತ್ರೆಯಲ್ಲಿ ಮೂರು ನೀರು ಬದಲಿಸಿ ತೊಳೆಯಿರಿ. ತೊಳೆದ ಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆಯಬೇಡಿ. ಮೆಂತ್ಯ ಪಲ್ಯಕ್ಕೆ ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಕೆಂಪಾದೊಡನೆ ಸೊಪ್ಪು ಹಾಕಿ, ನೀರು ಹಾಕದೆ ಮುಚ್ಚಿ. ನಾಲ್ಕೈದು ನಿಮಿಷ ಸಾಕು. ಪುಂಡಿ ಪಲ್ಯವಾದರೆ ತೊಗರಿಬೇಳೆ ಮತ್ತು ಜೋಳದ ನುಚ್ಚು ಬೆಂದ ಮೇಲೆ ಸೊಪ್ಪು ಸೇರಿಸಿ, ಮೂರನ್ನೂ ಒಟ್ಟಿಗೆ ಕುದಿಯಲು ಬಿಡಬೇಡಿ. ಬೇಗ ಮೆತ್ತಗಾಗಲಿ ಎಂದು ಸೋಡಾ ಚಿಟಿಕೆ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಸೋಡಾ ಸಿ ವಿಟಮಿನ್ನನ್ನೂ ಥಯಾಮಿನನ್ನೂ (ಬಿ1) ಕೆಡಿಸುತ್ತದೆ. ಆ ರೂಢಿ ಬಿಡಲೇಬೇಕು.

ಹುಳಿ ಕಡಿಮೆಯಾಗಲೆಂದು ಪುಂಡಿ ಬಸಿದ ನೀರು ಚೆಲ್ಲುವವರಿದ್ದಾರೆ. ನೀರಿನಲ್ಲಿ ಕರಗುವ ಸಿ, ಫೋಲೇಟ್ ಅದರ ಜೊತೆ ಹೋಗುತ್ತವೆ. ಕೊಬ್ಬಿನಲ್ಲಿ ಕರಗುವ ಕೆ, ಹಾಗೂ ಎ ವಿಟಮಿನ್ನಿನ ಮೂಲವಾದ ಕ್ಯಾರೊಟಿನ್ ಎರಡೂ ಎಲೆಯಲ್ಲೇ ಉಳಿಯುತ್ತವೆ. ಮೂತ್ರಪಿಂಡದಲ್ಲಿ ಹರಳಿದ್ದವರಿಗೆ ಮಾತ್ರ ಬಸಿದು ಚೆಲ್ಲುವುದೇ ಸರಿ, ಏಕೆಂದರೆ ಹರಳು ಕಟ್ಟುವ ಆಕ್ಸಲೇಟ್ ಕೂಡ ನೀರಿಗೆ ಇಳಿಯುತ್ತದೆ. ಅಂಥವರು ಪುಂಡಿ, ಪಾಲಕ, ಕಿರಕಸಾಲಿಗಿಂತ ಮೆಂತ್ಯವನ್ನು ಹೆಚ್ಚು ತಿನ್ನಲಿ, ಜೊತೆಗೆ ಮೊಸರಿರಲಿ. ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ.

ಎಚ್ಚರಿಕೆ: ಹೃದಯದ ಕವಾಟ ಬದಲಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುತ್ತಿದ್ದರೆ ಈ ಲೇಖನ ಓದಿ ಸೊಪ್ಪು ಹೆಚ್ಚಿಸಬೇಡಿ. ಆ ಔಷಧಿ ಕೆಲಸ ಮಾಡುವುದೇ ವಿಟಮಿನ್ ಕೆ ಚಕ್ರವನ್ನು ತಡೆದು. ಒಮ್ಮೆಲೇ ಸೊಪ್ಪು ಹೆಚ್ಚಾದರೆ ಔಷಧಿಯ ಬಲ ಕುಗ್ಗಿ ರಕ್ತ ಹೆಪ್ಪುಗಟ್ಟಬಹುದು, ಒಮ್ಮೆಲೇ ಬಿಟ್ಟರೆ ರಕ್ತಸ್ರಾವ ಆಗಬಹುದು. ವಾರಕ್ಕೆ ಎಷ್ಟು ಸಲ, ಎಷ್ಟು ಸೊಪ್ಪು ಎಂಬುದನ್ನು ಒಂದೇ ಸಮ ಇಟ್ಟುಕೊಂಡು, ಬದಲಿಸುವ ಮೊದಲು ವೈದ್ಯರಿಗೆ ಹೇಳಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಇನ್ನು ಹಸುಗೂಸಿಗೆ ಹುಟ್ಟಿದ ಕೂಡಲೇ ಕೊಡುವ ವಿಟಮಿನ್ ಕೆ ಚುಚ್ಚುಮದ್ದನ್ನು ಯಾರ ಮಾತಿಗೂ ತಪ್ಪಿಸಬೇಡಿ. ಅದು ಮಿದುಳಿನ ರಕ್ತಸ್ರಾವ ತಡೆಯುತ್ತದೆ.

ಹೆಜ್ಜೆ 3: ಜೋಳಕ್ಕೆ ಜೊತೆ

ಜೋಳದ ರೊಟ್ಟಿ ಒಳ್ಳೆಯ ಆಹಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೋಳವೊಂದನ್ನೇ ನಂಬಿದರೆ ಕೊರತೆಯೊಂದು ಬೀಳುತ್ತದೆ, ಅದರ ಇತಿಹಾಸ ಈ ದಖನ್ ಸೀಮೆಯದೇ. ಜೋಳವೇ ಮುಖ್ಯ ಆಹಾರವಾಗಿದ್ದ ಬಡ ಕುಟುಂಬಗಳಲ್ಲಿ ಪೆಲಾಗ್ರ ಕಾಣಿಸಿಕೊಳ್ಳುತ್ತಿತ್ತು: ಬಿಸಿಲು ಬೀಳುವ ಮುಂಗೈ, ಪಾದ, ಕುತ್ತಿಗೆಯ ಸುತ್ತ ತೊಗಲು ಕಪ್ಪಾಗಿ ಒರಟಾಗಿ ಸುಲಿಯುವುದು, ಭೇದಿ, ಮಂಕು. ಇದು ನಯಾಸಿನ್, ಅಂದರೆ ಬಿ3 ಕೊರತೆಯ ರೋಗ. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿರುವ ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಿಂದ ಇದರ ಬೆನ್ನುಹತ್ತಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿದ್ದು, ಅದು ದೇಹದಲ್ಲಿ ನಯಾಸಿನ್ ತಯಾರಿಗೆ ಅಡ್ಡಿಯಾಗುತ್ತದೆ ಎಂಬ ವಾದ ಮುಂದಿಟ್ಟವರು ಅವರೇ.

ಭಕ್ಷಕ ಕೋಶಕ್ಕೂ ಇದಕ್ಕೂ ಏನು ನಂಟು? ನಯಾಸಿನ್‌ನಿಂದ ಎನ್‌ಎಡಿ ಎಂಬ ಸಹಕಿಣ್ವ ತಯಾರಾಗುತ್ತದೆ. ಕೋಶ ಇಂಧನವನ್ನು ಶಕ್ತಿಯಾಗಿಸುವುದು ಅದರ ನೆರವಿನಿಂದ. ತನ್ನಷ್ಟೇ ದೊಡ್ಡ ಹೆಣವನ್ನು ನುಂಗಿ, ಅದರ ಕೊಬ್ಬು, ಪ್ರೋಟೀನು, ಡಿಎನ್‌ಎಗಳನ್ನೆಲ್ಲ ಅರಗಿಸುವುದು ಭಕ್ಷಕಕ್ಕೆ ಭಾರಿ ಕೆಲಸ. ವಯಸ್ಸಾದಂತೆ ಭಕ್ಷಕಗಳಲ್ಲಿ, ಪ್ರೋಟೀನಿನಲ್ಲಿರುವ ಅಮೈನೋ ಆಮ್ಲವಾದ ಟ್ರಿಪ್ಟೊಫಾನ್‌ನಿಂದ ಎನ್‌ಎಡಿ ತಯಾರಾಗುವುದು ಇಳಿದು, ನುಂಗುವ ಶಕ್ತಿಯೂ ಕುಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಪರಿಹಾರ ಶೇಂಗಾ ಹಿಂಡಿಯಲ್ಲಿದೆ, ಅಂದರೆ ಶೇಂಗಾ ಚಟ್ನಿಪುಡಿಯಲ್ಲಿ. ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 14 ಮಿಲಿಗ್ರಾಂ, ಹೆಂಗಸಿಗೆ 11 ಮಿಲಿಗ್ರಾಂ ನಯಾಸಿನ್ ಬೇಕು. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ ಮೂರೂವರೆಯಿಂದ ನಾಲ್ಕು ಮಿಲಿಗ್ರಾಂ ಇದೆ. ನಯಾಸಿನ್ ಬಿಸಿಗೆ ಹೆದರುವ ವಿಟಮಿನ್ನಲ್ಲ, ಹುರಿದರೂ ಉಳಿಯುತ್ತದೆ. 200 ಗ್ರಾಂ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರದಪುಡಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದರೆ ಒಬ್ಬರಿಗೆ ವಾರಕ್ಕಾಗುತ್ತದೆ. ಹುರಿಯುವ ಮೊದಲು ಕಾಳು ಆರಿಸುವುದನ್ನು ಮಾತ್ರ ಮರೆಯಬೇಡಿ. ಮುರುಟಿದ್ದು, ಬೂಸಲು ಹಿಡಿದದ್ದು, ಒಳಗೆ ಹಳದಿ-ಹಸಿರು ಕಲೆಯಿರುವುದು, ಕಹಿ ಅನ್ನಿಸಿದ್ದು ಎಲ್ಲ ತಿಪ್ಪೆಗೆ. ಅವುಗಳಲ್ಲಿ ಅಫ್ಲಟಾಕ್ಸಿನ್ ಎಂಬ ಬೂಸಲಿನ ವಿಷ ಇರಬಹುದು. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ, ನೇರ ಯಕೃತ್ತಿಗೆ ಹೊಡೆತ.

ಉಳಿದ ಪಾಲು ಬೇಳೆಯಿಂದ, ಮೊಟ್ಟೆ-ಹಾಲಿನಿಂದ, ತಿನ್ನುವವರಿಗೆ ಕೋಳಿ-ಮೀನಿನಿಂದ ಬರುತ್ತದೆ. ಹಾಲಿನಲ್ಲಿ ನಯಾಸಿನ್ ಕಡಿಮೆ, ಆದರೆ ಟ್ರಿಪ್ಟೊಫಾನ್ ಇದೆ. 60 ಮಿಲಿಗ್ರಾಂ ಟ್ರಿಪ್ಟೊಫಾನ್‌ನಿಂದ ದೇಹ 1 ಮಿಲಿಗ್ರಾಂ ನಯಾಸಿನ್ ಮಾಡಿಕೊಳ್ಳುತ್ತದೆ. ಆ ತಯಾರಿಗೆ ಬಿ6 ಬೇಕು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಬಿ6 ಅನ್ನು ಕಳೆಯುತ್ತದೆ. ಜೊತೆಗೆ ಕೊಟ್ಟ ಪಿರಿಡಾಕ್ಸಿನ್ (ಬಿ6) ಗುಳಿಗೆ ಚಿಕ್ಕದೆಂದು ಬಿಡುವುದು ಅದಕ್ಕೇ ತಪ್ಪು. ದಿನವೂ ಕುಡಿಯುವವರಲ್ಲಿ ಪೆಲಾಗ್ರ ಇಂದಿಗೂ ಕಾಣುತ್ತದೆ. ಹೊಲದ ಬಿಸಿಲಿಗೆ ಕಪ್ಪಾಗಿದ್ದಾನೆ ಎಂದು ಮನೆಯವರು ಸುಮ್ಮನಿರುತ್ತಾರೆ. ಎರಡೂ ಕೈಗೆ ಒಂದೇ ರೀತಿ, ಅಂಚು ಗೆರೆ ಎಳೆದಂತೆ ಕಪ್ಪಾಗಿ ಸುಲಿಯುತ್ತಿದ್ದರೆ ಅದು ಬರೀ ಬಿಸಿಲಲ್ಲ, ವೈದ್ಯರಿಗೆ ತೋರಿಸಿ.

ಪಾಲಿಶ್ ಮಾಡಿದ ಸೋನಾ ಮಸೂರಿ ಅನ್ನವೇ ಎರಡೂ ಹೊತ್ತು ತಿನ್ನುವವರಿಗೆ ಲ್ಯೂಸಿನ್ ತಕರಾರಿಲ್ಲ, ಆದರೆ ತೌಡಿನ ಜೊತೆ ಬಿ ವಿಟಮಿನ್ನುಗಳೂ ಹೋಗಿರುತ್ತವೆ. ಒಂದು ಹೊತ್ತು ರೊಟ್ಟಿ, ಇಲ್ಲವೇ ಕುಸುಬಲಕ್ಕಿ.

ಹೆಜ್ಜೆ 4: ಹಸಿಯಾಗಿ ಏನಾದರೊಂದು

ಗಾಯದಲ್ಲಿ ಕಾಣುವ ಕೀವು ಹೆಚ್ಚಾಗಿ ಸತ್ತ ನ್ಯೂಟ್ರೊಫಿಲ್‌ಗಳದೇ. ಈ ಬಿಳಿ ರಕ್ತಕಣಗಳು ರೋಗಾಣು ಕೊಂದು ತಾವೂ ಸಾಯಬೇಕು, ಭಕ್ಷಕ ಬಂದು ನುಂಗಬೇಕು. ಆಗ ಉರಿಯೂತ ಇಳಿದು ಗಾಯ ಮಾಗುತ್ತದೆ. ನ್ಯೂಟ್ರೊಫಿಲ್‌ಗಳು ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಸಿ ವಿಟಮಿನ್ ತಮ್ಮೊಳಗೆ ತುಂಬಿಕೊಂಡಿರುತ್ತವೆ. ಸಿ ಇಲ್ಲದ ಇಲಿಗಳಲ್ಲಿ ಅವು ಕ್ರಮವಾಗಿ ಸಾಯದೆ ಉಳಿದುಬಿಟ್ಟವು, ಭಕ್ಷಕಗಳು ಅವನ್ನು ಗುರುತಿಸಿ ನುಂಗುವುದೂ ಕುಂದಿತು.

ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕು. ಕೊಪ್ಪಳ ಸೀಮೆಯ ತೋಟದ ಪೇರಲ ಅರ್ಧ ಹಣ್ಣು ತಿಂದರೆ ಇಷ್ಟು ಬಂದಂತೆ, 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂ ಆಸುಪಾಸು ಇರುತ್ತದೆ. ಹಣ್ಣಿಗೆ ದುಡ್ಡಿಲ್ಲದ ದಿನ ರೊಟ್ಟಿ ಜೊತೆ ಎಳೆ ಮೆಂತ್ಯ, ಹಕ್ಕರಕಿ ಹಸಿಯಾಗಿ ಕಚ್ಚಿ ತಿನ್ನುವ ನಮ್ಮ ರೂಢಿಯೇ ಆಧಾರ. ಹಿಂಡಿಯ ಮೇಲೆ ಕುಸುಬಿ ಎಣ್ಣೆ ಹಾಕಿಕೊಂಡರೆ ಇ ವಿಟಮಿನ್ನೂ ಸೇರಿತು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಬೀಡಿ-ಸಿಗರೇಟು ಸೇದುವವರಿಗೆ 35 ಮಿಲಿಗ್ರಾಂ ಹೆಚ್ಚು ಬೇಕು. ಆದರೆ ಹೊಗೆ ಶ್ವಾಸಕೋಶದ ಭಕ್ಷಕಗಳ ನುಂಗುವ ಶಕ್ತಿಯನ್ನೇ ಕುಗ್ಗಿಸುತ್ತದೆ, ಅದನ್ನು ಪೇರಲ ಸರಿಮಾಡುವುದಿಲ್ಲ. ಗಣಿ, ಕಲ್ಲುಕ್ವಾರಿಯ ಸಿಲಿಕಾ ಧೂಳೂ ಹಾಗೆಯೇ: ನುಂಗಿದ ಭಕ್ಷಕವನ್ನೇ ಅದು ಕೊಲ್ಲುತ್ತದೆ. ಅಲ್ಲಿ ಬೇಕಾದದ್ದು ನೀರು ಚಿಮುಕಿಸುವ ವ್ಯವಸ್ಥೆ ಮತ್ತು ಮುಖಕ್ಕೆ ಬಿಗಿಯಾಗಿ ಕೂಡುವ ಎನ್95 ಮಾಸ್ಕ್, ಕರವಸ್ತ್ರವಲ್ಲ.

ಹೆಜ್ಜೆ 5: ಎ, ಬಿ12, ಫೋಲೇಟ್, ಡಿ

ಎ ವಿಟಮಿನ್ನಿನಿಂದ ಆಗುವ ರೆಟಿನಾಯ್ಡ್‌ಗಳು ಭಕ್ಷಕದ ಮೇಲೆ ನುಂಗುವ ಗ್ರಾಹಕಗಳನ್ನು ಹೆಚ್ಚಿಸುತ್ತವೆ. ಇಲಿಗಳ ಭಕ್ಷಕಗಳು ಸತ್ತ ಕೋಶ ನುಂಗಿದ ಮೇಲೆ ತಾವೇ ರೆಟಿನಾಯ್ಡ್ ತಯಾರಿಸಿ ಹಸಿವು ಹೆಚ್ಚಿಸಿಕೊಂಡದ್ದು ಕಂಡುಬಂದಿದೆ. ಹೆಜ್ಜೆ 2ರ ಸೊಪ್ಪು-ಎಣ್ಣೆಯೇ ಇದಕ್ಕೂ ಸಾಕು, ಬೇಸಿಗೆಯಲ್ಲಿ ಮಾವು ಇದ್ದೇ ಇದೆ. ಮಕ್ಕಳಿಗೆ 9 ತಿಂಗಳಿಂದ 5 ವರ್ಷದವರೆಗೆ ಕೊಡುವ ಎ ದ್ರಾವಣದ 9 ಡೋಸು ತಪ್ಪಿಸಬೇಡಿ.

ಬಿ12 ಮತ್ತು ಫೋಲೇಟ್ ಕೊರತೆಯಲ್ಲಿ ಕೆಡುವುದು ಬೇರೆ ಕಡೆ. ಮೂಳೆಮಜ್ಜೆಯಲ್ಲಿ ರಕ್ತಕಣದ ಮರಿಗಳು ಬಲಿಯುವ ಮೊದಲೇ ಸಾಯುತ್ತವೆ, ಭಕ್ಷಕಗಳಿಗೆ ಹೆಣದ ಹೊರೆ ಏರುತ್ತದೆ. ರಕ್ತಹೀನತೆಯ ಜೊತೆ ಕಣ್ಣಿನ ಬಿಳಿಭಾಗದಲ್ಲಿ ತೆಳು ನಿಂಬೆಹಳದಿ ಕಾಣುವುದು ಅದಕ್ಕೇ. ಮಾಂಸ ತಿನ್ನದವರಿಗೆ ಬಿ12 ಸಿಗುವುದು ಹಾಲು-ಮೊಸರಿನಿಂದ: 250 ಮಿಲಿ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ, ಬೇಕಾದದ್ದು 2ಕ್ಕಿಂತ ಸ್ವಲ್ಪ ಹೆಚ್ಚು. ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು ಬೆರೆಸಿದ ಮಜ್ಜಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ವರ್ಷಗಟ್ಟಲೆ ಆಮ್ಲ ತಗ್ಗಿಸುವ ಗುಳಿಗೆ ನುಂಗುವವರು ಬಿ12 ಪರೀಕ್ಷಿಸಿಕೊಳ್ಳಬೇಕು. ಬಿ12 ನೋಡದೆ ಫೋಲಿಕ್ ಆಮ್ಲ (ಫೋಲೇಟಿನ ಗುಳಿಗೆ) ಮಾತ್ರ ನುಂಗಿದರೆ ರಕ್ತ ಸುಧಾರಿಸುತ್ತದೆ, ಆದರೆ ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಫೋಲೇಟಿಗೆ ಮಡಿಕೆ, ಹೆಸರು, ತೊಗರಿ, ಸೊಪ್ಪು ಸಾಕು.

ಡಿ ವಿಟಮಿನ್ನಿಗೆ ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದಾಗ ಮಾತ್ರ ಚರ್ಮದಲ್ಲಿ ಡಿ ಚೆನ್ನಾಗಿ ತಯಾರಾಗುತ್ತದೆ. ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತೂಕಾಲರ ಹೊತ್ತಿಗೇ ನೆರಳು ಗಿಡ್ಡವಾಗುತ್ತದೆ, ಆಗಲೇ 15 ನಿಮಿಷ ಮುಗಿಸಿ ಒಳಗೆ ಬನ್ನಿ. ಮಧ್ಯಾಹ್ನದ 42 ಡಿಗ್ರಿಯಲ್ಲಿ ನಿಲ್ಲುವ ಅಗತ್ಯವಿಲ್ಲ. ಡಿಸೆಂಬರಿನಲ್ಲಿ 11ರಿಂದ 1.30ರ ನಡುವೆ ಅರ್ಧ ಗಂಟೆ. ಬೆಳಗ್ಗೆ 7ರ ಎಳೆ ಬಿಸಿಲು ಹಿತ, ಡಿ ಕೊಡುವುದು ಕಡಿಮೆ.

ಗುಳಿಗೆಯ ವಿಷಯ

ಆರೋಗ್ಯವಂತರು ಹೆಚ್ಚುವರಿ ವಿಟಮಿನ್ ಗುಳಿಗೆ ನುಂಗಿದರೆ ಕೋಶ ವಿಲೇವಾರಿ ಚುರುಕಾಗುತ್ತದೆ ಎಂದು ಸಾಬೀತಾಗಿಲ್ಲ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಬಹುಪಾಲು ಇಲಿಗಳ ಮೇಲೆ ಇಲ್ಲವೇ ಗಾಜಿನ ತಟ್ಟೆಯ ಕೋಶಗಳ ಮೇಲೆ ನಡೆದವು. ಮಿತಿ ಮೀರಿದರೆ ಕೆಡುಕು ಮಾತ್ರ ಮನುಷ್ಯರಲ್ಲೇ ಕಂಡಿದೆ. ಸೇದುವವರಿಗೆ ಬೀಟಾ ಕ್ಯಾರೊಟಿನ್ ಗುಳಿಗೆ ಕೊಟ್ಟು ನೋಡಿದ ಫಿನ್ಲೆಂಡಿನ ದೊಡ್ಡ ಅಧ್ಯಯನದ ಫಲಿತಾಂಶ 1994ರಲ್ಲಿ ಬಂದಾಗ, ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಏರಿತ್ತು. ಗರ್ಭಿಣಿಯರು ದಿನಕ್ಕೆ 10,000 ಯೂನಿಟ್ ಮೀರಿ ರೆಟಿನಾಲ್ (ಎ ವಿಟಮಿನ್) ತೆಗೆದುಕೊಂಡರೆ ಕೂಸಿನ ಬೆಳವಣಿಗೆಗೆ ಅಪಾಯ. ಹೆಚ್ಚಿನ ಡೋಸಿನ ಇ ಗುಳಿಗೆ ಕೆ ವಿಟಮಿನ್ನಿನ ಕೆಲಸಕ್ಕೇ ಅಡ್ಡಬಂದು ರಕ್ತಸ್ರಾವದ ಭಯ ಹೆಚ್ಚಿಸುತ್ತದೆ. ದಿನಕ್ಕೆ 1 ಗ್ರಾಂ ಸಿ ಗುಳಿಗೆ ನುಂಗುವ ಗಂಡಸರಲ್ಲಿ ಹರಳು ಹೆಚ್ಚು.

ಯಾವಾಗ ವೈದ್ಯರ ಬಳಿ ಹೋಗಬೇಕು

ಪೆಟ್ಟೇ ಬೀಳದೆ ಮೈಮೇಲೆ ಅಲ್ಲಲ್ಲಿ ಕಪ್ಪು-ನೀಲಿ ಮೂಡಿದರೆ, ಹಲ್ಲುಜ್ಜಿದಾಗಲೆಲ್ಲ ವಸಡಿನಿಂದ ರಕ್ತ ಬಂದರೆ, ಕಂದಿದ ಜಾಗ ಮೂರು ವಾರವಾದರೂ ಮಾಗದಿದ್ದರೆ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಎರಡು ವಾರದಲ್ಲಿ ಚಿಕ್ಕದಾಗುವ ಲಕ್ಷಣ ತೋರದಿದ್ದರೆ ಊಟ ಬದಲಿಸಿ ಕಾಯುತ್ತ ಕೂರಬೇಡಿ. ಹೋಗುವಾಗ ಹೆಜ್ಜೆ 1ರ ಮೂರು ದಿನದ ಪಟ್ಟಿಯನ್ನೂ, ನುಂಗುತ್ತಿರುವ ಎಲ್ಲ ಗುಳಿಗೆಗಳ ಹಾಳೆಗಳನ್ನೂ ಜೊತೆಗೆ ಒಯ್ಯಿರಿ. ಪೂರ್ಣ ರಕ್ತ ಎಣಿಕೆ, ಪಿಟಿ-ಐಎನ್‌ಆರ್, ಬಿ12, ರಕ್ತದ ಸಕ್ಕರೆ, ಇವುಗಳಲ್ಲಿ ಯಾವುದು ಬೇಕೆಂದು ವೈದ್ಯರು ಆ ಪಟ್ಟಿ ನೋಡಿ ಬೇಗ ತೀರ್ಮಾನಿಸಬಲ್ಲರು.